ಎಳನೀರು ಬೇಡವೆಂದ ಬೇಸಿಗೆ

ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಬೇರೆ ಊರುಗಳಲ್ಲಿ ಬ್ರೆಡ್ಡು, ಮೋಸಂಬಿ ತರುತ್ತಾರೆ. ತುರುವೇಕೆರೆಯ ನನ್ನ ಚಿಕ್ಕ ಆಸ್ಪತ್ರೆಗೆ ಬರುವವರು ಎಳನೀರಿನ ಗೊನೆಯನ್ನೇ ಹೊತ್ತು ತರುತ್ತಾರೆ, ಜೊತೆಗೆ ಕೊಚ್ಚಲು ಮಚ್ಚು. ಮಂಚಗಳ ಕೆಳಗೆಲ್ಲ ಎಳನೀರು. ನಮ್ಮ ಹಿರಿಯ ನರ್ಸ್ ಅದಕ್ಕೆ ಎಡವದ ದಿನವಿಲ್ಲ. "ಇದೇನು ಆಸ್ಪತ್ರೆನಾ, ಎಪಿಎಂಸಿ ಯಾರ್ಡಾ?" ಎಂದು ಬೈದುಕೊಂಡೇ ಅವರೂ ಒಂದನ್ನು ಕುಡಿಯುತ್ತಾರೆ. ನಾನೂ ಕುಡಿಯುತ್ತಿದ್ದೆ. ಈಗ ಕುಡಿಯುವುದಿಲ್ಲ. ಎಳನೀರಿನ ಮೇಲೆ ಮಚ್ಚಿನ ಏಟು ಬಿದ್ದ ಸದ್ದು ಕೇಳಿದರೆ ಇವತ್ತಿಗೂ ನನ್ನ ಕೈ ಯಾರದೋ ನಾಡಿ ಹುಡುಕುತ್ತದೆ.

ಆ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಕೈಕೊಟ್ಟು, ಊರೂರಿಗೆ ಟ್ಯಾಂಕರ್ ನೀರು ಬರುತ್ತಿತ್ತು. ಮದುವೆ ಊಟಗಳೂ ಸೇರಿಕೊಂಡವು. ಭೇದಿಯ ರೋಗಿಗಳು ಬಾಗಿಲಾಚೆಗೂ ಸಾಲುಗಟ್ಟಿದ್ದರು. ಭೇದಿಗೆ ಔಷಧಿ ಕೊಡುವುದಕ್ಕಿಂತ ಕೊಡದೆ ಇರುವುದೇ ಕಷ್ಟದ ಕೆಲಸ. ಬಂದವರೆಲ್ಲ ಕೇಳುವುದು ಒಂದೇ: "ನಿಲ್ಲೋ ಮಾತ್ರೆ ಕೊಡಿ ಡಾಕ್ಟ್ರಮ್ಮ." ನಿಲ್ಲೋ ಮಾತ್ರೆ ಎಂದರೆ ಲೋಪೆರಮೈಡ್. ಅದು ಕರುಳಿನ ಓಟಕ್ಕೆ ಲಗಾಮು ಹಾಕುತ್ತದೆ, ಅಷ್ಟೇ. ಒಳಗಿನ ಸೋಂಕಿಗೆ ಏನೂ ಮಾಡುವುದಿಲ್ಲ. ಮಲದಲ್ಲಿ ರಕ್ತವಿದ್ದರೆ, ಜ್ವರವಿದ್ದರೆ ಕೊಡಲೂಬಾರದು. ಆಂಟಿಬಯಾಟಿಕ್ ಕೂಡ ಎಲ್ಲರಿಗೂ ಬೇಕಿಲ್ಲ. ಬೇಕಾದದ್ದು ಓಆರ್‌ಎಸ್ ಪುಡಿ ಕಲಸಿದ ನೀರು, ಮಕ್ಕಳಾದರೆ ಅದರ ಜೊತೆಗೆ ಸತುವಿನ ಮಾತ್ರೆ, ಮತ್ತೆ ಒಂದಿಷ್ಟು ತಾಳ್ಮೆ. ಇದನ್ನೇ ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ನನ್ನ ಬಾಯಿ ದೊಡ್ಡದು ಎಂದು ತಾಲ್ಲೂಕಿಗೇ ಗೊತ್ತು. "ಆಯಮ್ಮ ಬೈದ್ರೇ ಅರ್ಧ ವಾಸಿ" ಎನ್ನುತ್ತಾರಂತೆ. ಉಳಿದರ್ಧಕ್ಕೆ ಪುಡಿ ನೀರು ಕುಡಿಯಿರಿ ಎಂದರೆ ಮಾತ್ರ ಮೂತಿ ತಿರುವುತ್ತಾರೆ.

ಅಂಥ ಒಂದು ಮಧ್ಯಾಹ್ನ, ದಂಡಿನಶಿವರದ ಆಚೆಯ ಹಳ್ಳಿಯಿಂದ ಒಬ್ಬ ಹೆಂಗಸು ತನ್ನ ತಾಯಿಯನ್ನು ಆಟೋದಿಂದ ಎರಡೂ ಕೈಯಲ್ಲಿ ಎತ್ತಿಕೊಂಡೇ ಒಳಗೆ ಬಂದಳು. ನಲವತ್ತರ ಹತ್ತಿರದ, ಅಗಲ ಭುಜದ ಹೆಂಗಸು. ಅದೇ ಊರಿಗೆ ಮದುವೆಯಾಗಿ, ತವರಿನ ತೆಂಗಿನ ತೋಟವನ್ನೂ ತಾನೇ ನೋಡಿಕೊಳ್ಳುತ್ತಿದ್ದವಳು. ತಾಯಿಗೆ ಬಿಪಿ, ಸಕ್ಕರೆ ಕಾಯಿಲೆ ಎರಡೂ ಇದ್ದವು, ಮೂತ್ರಪಿಂಡ ಸ್ವಲ್ಪ ಸೊರಗಿದೆ ಎಂದು ಬೇರೆ ಕಡೆ ಹೇಳಿದ್ದರಂತೆ. ನನ್ನ ಹತ್ತಿರ ಬಂದದ್ದು ಅದೇ ಮೊದಲು.

"ಮೊನ್ನೆಯಿಂದ ಭೇದಿ ಕಣ್ರೀ" ಎಂದಳು ಮಗಳು. "ನಿಲ್ಲೋ ಮಾತ್ರೆ ನುಂಗ್ಸಿದೆ, ನಿಂತೋಯ್ತು. ಇವತ್ ನೋಡಿದ್ರೆ ಕಾಲೇ ಬತ್ತಿಲ್ಲ ಅಂತಾಳೆ."

ಮಂಚದ ಮೇಲೆ ಮಲಗಿದ್ದ ತಾಯಿ ಕಣ್ಣು ತೆರೆದರು. "ಕಾಲು ಹಿಡ್ಕಂಡವ್ರೆ ಡಾಕ್ಟ್ರಮ್ಮ. ಹಿಡ್ಕಂಡು ಎಳೀತಾವ್ರೆ."

"ಯಾರಮ್ಮ?"

ಮಗಳು ದನಿ ತಗ್ಗಿಸಿದಳು. "ನಮ್ಮಪ್ಪ. ಹೋದ ವರ್ಷ ಇದೇ ಟೈಮಲ್ಲಿ ಹೋಗ್ಬುಟ್ಟ. ಅವನ್ಗೂ ಹಿಂಗೇ. ಭೇದಿ ಆಯ್ತು, ನಿಲ್ಲಿಸಿದ್ವಿ, ಕಾಲು ಬತ್ತಿಲ್ಲ ಅಂದ, ಅಷ್ಟೇ. ಈಗ ಅವ್ವನ್ನ ಕರೀತಾವ್ನೆ ಅಂತ ಊರೆಲ್ಲ ಅಂತಾರೆ."

ನಾನು ದೆವ್ವ ಪಿಶಾಚಿ ನಂಬುವವಳಲ್ಲ. ಆದರೂ ಆ ಉರಿಬಿಸಿಲಿನಲ್ಲಿ ನನ್ನ ಮೈ ಜುಮ್ಮೆಂದಿತು. ನಾಡಿ ಹಿಡಿದಾಗ ಇನ್ನೂ ಹೆದರಿಕೆಯಾಯಿತು. ಭೇದಿಯಾಗಿ ಮೈಯ ನೀರು ಬತ್ತಿದವರ ನಾಡಿ ಓಡಬೇಕು. ಇವರದು ತೂಕಡಿಸುತ್ತಿತ್ತು. ಇಸಿಜಿ ಹಾಕಿಸಿದೆ. ಹೃದಯದ ಗೆರೆಯಲ್ಲಿ ಸಣ್ಣ ಅಲೆಗಳು ಮಾಯವಾಗಿ, ಉಳಿದವು ಚೂಪಾಗಿ ಗುಡಾರದಂತೆ ಎದ್ದು ನಿಂತಿದ್ದವು. ರಕ್ತದಲ್ಲಿ ಪೊಟ್ಯಾಶಿಯಂ ಏರಿ ಕೂತಾಗ ಬರೆಯುವ ಗೆರೆ ಅದು. ಇನ್ನೂ ಏರಿದರೆ ಮೊದಲು ಕೈಕಾಲು ಸೋಲುತ್ತವೆ, ಆಮೇಲೆ ಹೃದಯ ನಿಲ್ಲುತ್ತದೆ.

ರಕ್ತದ ಪರೀಕ್ಷೆಗೆ ತಿಪಟೂರಿಗೆ ಕಳಿಸಬೇಕು. ವರದಿ ಬರುವವರೆಗೆ ಕಾಯುವಂತಿರಲಿಲ್ಲ. ನರ್ಸ್ ಸೂಜಿ ಹಾಕಿದರು, ನಾನು ಕ್ಯಾಲ್ಸಿಯಂ ಗ್ಲುಕೊನೇಟನ್ನು ಮಾನಿಟರ್ ನೋಡಿಕೊಂಡು ನಿಧಾನಕ್ಕೆ ತಳ್ಳಿದೆ. ಕ್ಯಾಲ್ಸಿಯಂ ಪೊಟ್ಯಾಶಿಯಂ ಅನ್ನು ಇಳಿಸುವುದಿಲ್ಲ, ಅದರ ಏಟಿನಿಂದ ಹೃದಯವನ್ನು ಸ್ವಲ್ಪ ಹೊತ್ತು ಕಾಯುತ್ತದೆ. ಇಳಿಸಲು ಗ್ಲೂಕೋಸಿನ ಜೊತೆ ಇನ್ಸುಲಿನ್, ಮೂಗಿಗೆ ಉಬ್ಬಸದ ಔಷಧಿಯ ಹಬೆ, ಬತ್ತಿದ ಮೈಗೆ ಸಲೈನ್. ಗೆರೆಯ ಗುಡಾರಗಳು ಕಣ್ಣೆದುರೇ ತಗ್ಗಿದವು. ನಾನು ಉಸಿರು ಬಿಟ್ಟೆ.

"ಏನೇನು ಕೊಟ್ಟಿದೀಯಮ್ಮ ಇವರಿಗೆ?"

"ಏನೂ ಇಲ್ಲ ಕಣ್ರೀ, ಎಳನೀರು ಅಷ್ಟೇಯ. ಪುಡಿ ನೀರು ಉಪ್ಪುಪ್ಪು, ವಾಕರಿಕೆ ಬತ್ತದೆ ಅಂತ ಒಂದು ತೊಟ್ಟೂ ಕುಡೀಲಿಲ್ಲ. ನಾನೇ ಕೆತ್ತಿ ಕೆತ್ತಿ ಎಳನೀರು ಕೊಟ್ಟೆ. ನೋಡಕ್ ಬಂದೋರೂ ಕುಡಿಸಿದ್ರು."

ಎಳನೀರಿನ ಬಗ್ಗೆ ನನಗೆ ದ್ವೇಷವಿಲ್ಲ. ಭೇದಿಯಲ್ಲಿ ಪೊಟ್ಯಾಶಿಯಂ ಸೋರಿ ಹೋಗುತ್ತದೆ, ಎಳನೀರಿನಲ್ಲಿ ಅದು ತುಂಬಾ ಇದೆ, ಆದ್ದರಿಂದ ಗಟ್ಟಿಮುಟ್ಟಾದವರಿಗೆ ಒಳ್ಳೆಯದೇ. ನಮ್ಮ ಹಿರಿಯರು ಕುರುಡು ನಂಬಿಕೆಯಿಂದ ಕೊಟ್ಟವರಲ್ಲ. ಆದರೆ ಮೈಯೊಳಗಿನ ಪೊಟ್ಯಾಶಿಯಂ ಹೊರಹೋಗುವ ದಾರಿ ಎರಡೇ. ದೊಡ್ಡದು ಮೂತ್ರ, ಚಿಕ್ಕದು ಮಲ. ಈ ತಾಯಿಯ ಮೂತ್ರಪಿಂಡ ಮೊದಲೇ ಸೊರಗಿತ್ತು, ನೀರು ಬತ್ತಿ ಮೂತ್ರ ಕಟ್ಟಿತ್ತು. ನಿಲ್ಲೋ ಮಾತ್ರೆ ಇನ್ನೊಂದು ದಾರಿಯನ್ನೂ ಮುಚ್ಚಿತು. ತೂಬುಗಳನ್ನೆಲ್ಲ ಮುಚ್ಚಿದ ಕೆರೆಗೆ ನೀರು ಹರಿಸಿದ ಹಾಗಾಯಿತು. ಇದನ್ನು ನಾನು ಮಗಳಿಗೆ ಪೂರ್ತಿ ಹೇಳಲಿಲ್ಲ. "ಮೂತ್ರಪಿಂಡ ಸುಸ್ತಾಗಿದೆ, ಎಳನೀರು ಒಂದು ತೊಟ್ಟೂ ಬೇಡ. ಸಂಜೆಯೊಳಗೆ ಮೂತ್ರ ಬರದಿದ್ದರೆ ಡಯಾಲಿಸಿಸ್‌ಗೆ ತುಮಕೂರಿಗೆ ಒಯ್ಯಬೇಕು" ಎಂದೆ. ಅವಳು ಹೂಂ ಎಂದಳು.

ನಾನು ಹೊರಗಿನ ರೋಗಿಗಳನ್ನು ನೋಡುತ್ತಿದ್ದೆ. ನರ್ಸ್ ಕೂಗಿದ ದನಿಗೆ ಎದ್ದು ಓಡಿದೆ. ಮಾನಿಟರಿನಲ್ಲಿ ಗೆರೆ ಮತ್ತೆ ಅಗಲವಾಗಿತ್ತು. ತಾಯಿಯ ಕಣ್ಣುಗಳು ಮೇಲಕ್ಕೆ ಸಿಕ್ಕಿಕೊಂಡಿದ್ದವು. ಮತ್ತೆ ಕ್ಯಾಲ್ಸಿಯಂ, ಮತ್ತೆ ಗ್ಲೂಕೋಸು, ಇನ್ಸುಲಿನ್. ಕೊಟ್ಟ ಔಷಧಿಯ ಜೋರು ಇಳಿಯುವ ಹೊತ್ತೂ ಅದಾಗಿತ್ತು, ನಿಜ. ಆದರೆ ಕಾಲಿಗೆ ಏನೋ ತಗಲಿತು. ಬಗ್ಗಿ ನೋಡಿದರೆ ಮಂಚದ ಕೆಳಗೆ ಆಗ ತಾನೇ ಕೊಚ್ಚಿದ ಎಳನೀರಿನ ಬುರುಡೆಗಳು, ಪಕ್ಕದಲ್ಲಿ ಒದ್ದೆ ಚಮಚ. ನೋಡಲು ಬಂದ ನೆಂಟರು ಸಾಲಾಗಿ ನಿಂತಿದ್ದರು.

ನನ್ನ ಬಾಯಿಂದ ಆವತ್ತು ಬಂದ ಮಾತುಗಳನ್ನು ಇಲ್ಲಿ ಬರೆಯಲಾರೆ. ನೆಂಟರನ್ನೂ ಗೊನೆಗಳನ್ನೂ ಒಟ್ಟಿಗೇ ರಸ್ತೆಗೆ ಹಾಕಿದೆ. "ಕೊಲ್ಲೋಕೆ ಬಂದಿದೀರಾ, ನೋಡೋಕೆ ಬಂದಿದೀರಾ?" ಎಂದು ಕಿರುಚಿದೆ. ಎಲ್ಲರೂ ಹೋದರು. ಮಗಳು ಗೋಡೆಗೆ ಒರಗಿ ನಿಂತೇ ಇದ್ದಳು.

"ಅವ್ರನ್ ಬೈಬ್ಯಾಡಿ. ನಾನೇ ಕುಡಿಸಿ ಅಂದಿದ್ದು" ಎಂದಳು.

"ಬೇಡ ಅಂತ ಹೇಳಲಿಲ್ವೇನೇ ನಾನು?"

"ಹೇಳಿದ್ರಿ." ಅವಳು ಅಳುತ್ತಿರಲಿಲ್ಲ, ಕಣ್ಣು ಮಾತ್ರ ಒಂದೆಡೆ ನಿಲ್ಲುತ್ತಿರಲಿಲ್ಲ. "ಅಪ್ಪಂಗೆ ಕಮ್ಮಿ ಕೊಟ್ಟೆ ಡಾಕ್ಟ್ರಮ್ಮ. ಮನೇಲಿದ್ದಿದ್ದು ಖಾಲಿ ಆಗಿತ್ತು. ಇನ್ನೊಂದ್ ಗೊನೆ ಇಳಿಸ್ಕಂಡು ಬತ್ತೀನಿ ಇರಪ್ಪ ಅಂತ ತೋಟಕ್ ಹೋದೆ. ಬರೋ ಹೊತ್ಗೆ ಹೋಗ್ಬುಟ್ಟಿದ್ದ. ಇನ್ನೊಂದು ಕೊಟ್ಟಿದ್ರೆ ಉಳ್ಕೊಳೋನು. ನೀರಡಿಕೆಲಿ ಹೋದ. ಅದ್ಕೇ ಈಗ ಬಂದವ್ನೆ."

ಆ ಗಳಿಗೆಯಲ್ಲಿ ನನಗೆ ಅವಳ ಅಪ್ಪನ ಸಾವು ಅರ್ಧ ಕಾಣಿಸಿತು. ಪೂರ್ತಿ ನೋಡಲು ನನಗೆ ಇಷ್ಟವಿರಲಿಲ್ಲ.

ಸಂಜೆ ಬಿಸಿಲು ಕಿಟಕಿಯಲ್ಲಿ ಇಳಿಯುತ್ತಿದ್ದಾಗ ತಾಯಿಗೆ ಮೂತ್ರ ಬಂತು. ನರ್ಸ್ ಚೀಲವನ್ನು ಎತ್ತಿ ತೋರಿಸಿ, "ಗಂಗಮ್ಮ ಬಂದ್ಲು ನೋಡಿ" ಎಂದರು. ತಿಪಟೂರಿನ ವರದಿಯೂ ಬಂತು, ನಾನು ಊಹಿಸಿದ್ದಕ್ಕಿಂತ ಪೊಟ್ಯಾಶಿಯಂ ಜಾಸ್ತಿಯೇ ಇತ್ತು. ಎಳನೀರು, ಸೊರಗಿದ ಮೂತ್ರಪಿಂಡ, ನಿಲ್ಲೋ ಮಾತ್ರೆ, ಪೊಟ್ಯಾಶಿಯಂ ಸ್ವಲ್ಪ ಏರಿಸುವ ಅವರ ಬಿಪಿ ಮಾತ್ರೆ ಎಲ್ಲ ಕೂಡಿದರೂ ಅಷ್ಟು ಏರಬಾರದು ಅನ್ನಿಸಿತು. ಏನೋ ಒಂದು ಕೈಗೆ ಸಿಗುತ್ತಿರಲಿಲ್ಲ.

ಅದು ಸಿಕ್ಕಿದ್ದು ಮಾರನೆಯ ಬೆಳಿಗ್ಗೆ. ತಾಯಿ ಎದ್ದು ಕೂತಿದ್ದರು, ಕಾಲು ಆಡಿಸುತ್ತಿದ್ದರು. ಮಗಳು ಕಾಫಿ ತರಲು ಹೋದದ್ದೇ ತಡ, ಸೊಂಟದಿಂದ ಎಲೆಅಡಿಕೆ ಸಂಚಿ ತೆಗೆದರು. ಹೊಗೆಸೊಪ್ಪು ಹಾಕಿಕೊಳ್ಳುತ್ತಾರೇನೋ ಎಂದು ನಾನು ಬೈಯಲು ಬಾಯಿ ತೆರೆದರೆ, ಸಂಚಿಯ ಒಳಮಡಿಕೆಯಿಂದ ಬಂದದ್ದು ಮಾತ್ರೆಯ ಪಟ್ಟಿ. ಕೈಯಿಂದ ಕಿತ್ತುಕೊಂಡು ನೋಡಿದೆ. ಸ್ಪೈರೊನೊಲ್ಯಾಕ್ಟೋನ್. ಕಾಲೂತ ಇಳಿಸಲು ಕೊಡುವ ನೀರು ಮಾತ್ರೆ, ಪೊಟ್ಯಾಶಿಯಂ ಅನ್ನು ಮೈಯಲ್ಲೇ ಹಿಡಿದಿಡುವ ಜಾತಿಯದು. ಅವರ ಚೀಟಿಗಳಲ್ಲಿ ಎಲ್ಲೂ ಅದು ಇರಲಿಲ್ಲ.

"ಯಾರಮ್ಮ ಬರೆದುಕೊಟ್ಟಿದ್ದು ಇದನ್ನ?"

"ನಂಗಲ್ಲ. ನಮ್ಮೆಜಮಾನ್ರಿಗೆ ಬರ್ದಿದ್ರು. ಅವ್ರು ಹೋದಾಗ ಉಳ್ದಿತ್ತು. ಬಿಸಾಕಕ್ಕೆ ಮನಸು ಬರ್ಲಿಲ್ಲ. ನಂಗೂ ಕಾಲು ಊದ್ಕೊತಿತ್ತು, ನುಂಗ್ದೆ. ಮುಗಿದ್ಮೇಲೆ ಸಂತೆಗೆ ಹೋದಾಗ ಪಟ್ಟಿ ತೋರ್ಸಿ ತರೋದು." ಆಮೇಲೆ ನಾಚಿಕೊಂಡವರಂತೆ ಸೆರಗು ಬಾಯಿಗಿಟ್ಟುಕೊಂಡರು. "ಅವ್ರ ಮಾತ್ರೆ ನುಂಗಿದ್ರೆ ಅವ್ರು ಜೊತೇಲಿದ್ದಂಗೆ ಆಯ್ತದೆ ಕಣಮ್ಮ. ಮಗಳಿಗೆ ಹೇಳ್ಬೇಡಿ, ಬೈತಾಳೆ."

ನಾನು ಹೇಳಲಿಲ್ಲ. ಹೇಳಬಾರದು ಎಂದಲ್ಲ, ಹೇಳಲು ಧೈರ್ಯ ಸಾಲಲಿಲ್ಲ. ಏಕೆಂದರೆ ಆ ಪಟ್ಟಿ ಕೈಯಲ್ಲಿದ್ದಾಗ ಅವಳ ಅಪ್ಪನ ಸಾವು ಪೂರ್ತಿ ಕಾಣಿಸಿಬಿಟ್ಟಿತ್ತು. ಅದೇ ನೀರು ಮಾತ್ರೆ, ಅದೇ ಭೇದಿ, ಅದೇ ನಿಲ್ಲೋ ಮಾತ್ರೆ, ಕಾಲು ಬರುತ್ತಿಲ್ಲ ಎಂಬ ಅದೇ ಮಾತು. ನೀರಡಿಕೆಯಿಂದ ಹೋದವನಲ್ಲ ಆತ. ಮಗಳು ಕೆತ್ತಿ ಕೆತ್ತಿ ಕೊಟ್ಟದ್ದನ್ನು ಕುಡಿದೇ ಹೋಗಿದ್ದ. ಹೇಳಿಬಿಟ್ಟರೆ ಅವಳ ಗತಿ ಏನು? ಪಟ್ಟಿಯನ್ನು ನನ್ನ ಮೇಜಿನ ಡ್ರಾಯರಿಗೆ ಹಾಕಿ, "ಹಳೇ ಮಾತ್ರೆ ಎಲ್ಲ ಬಂದ್, ಎಳನೀರೂ ಬಂದ್" ಎಂದಷ್ಟೇ ಹೇಳಿ ಅವರನ್ನು ಮನೆಗೆ ಕಳಿಸಿದೆ. ಗೆದ್ದೆ ಎಂದುಕೊಂಡಿದ್ದೆ.

ಎಲ್ಲಿ ಬಂತು! ಮುಂಗಾರು ಶುರುವಾಗುವ ಹೊತ್ತಿಗೆ ತಾಯಿ ಮತ್ತೆ ಬಂದು ಕೂತರು. ಈ ಸಲ ಸೋಂಕಿನ ಭೇದಿಯಲ್ಲ. ಉಂಡ ಕೂಡಲೇ ಹೊಟ್ಟೆ ನುಲಿದು ಹಿತ್ತಲಿಗೆ ಓಡಬೇಕು, ಹೋಗಿ ಬಂದರೆ ನೋವು ಇಳಿಯುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ. ಕೇಳಿದರೆ, ಇದು ಮದುವೆಯಾದ ಹೊಸದರಿಂದಲೂ ಬಂದು ಹೋಗಿ ಮಾಡುವ ಕಾಯಿಲೆಯಂತೆ, ಗಂಡ ಹೋದ ಮೇಲೆ ಜಾಸ್ತಿಯಾಗಿದೆಯಂತೆ. ಮಲ ಪರೀಕ್ಷೆ, ಥೈರಾಯ್ಡ್, ತುಮಕೂರಿಗೆ ಕಳಿಸಿ ದೊಡ್ಡ ಕರುಳಿಗೆ ಕೊಳವೆ ಹಾಕಿಸಿಯೂ ನೋಡಿದೆ. ಎಲ್ಲ ಸರಿಯಾಗಿತ್ತು. ಐಬಿಎಸ್ ಎನ್ನುತ್ತೇವೆ ಇದಕ್ಕೆ. ನೋಡಲು ಕರುಳು ಚೆನ್ನಾಗಿರುತ್ತದೆ, ನಡವಳಿಕೆ ಮಾತ್ರ ಸರಿಯಿರುವುದಿಲ್ಲ. ಕರುಳಿನ ನರಗಳಿಗೂ ಮನಸ್ಸಿಗೂ ಹತ್ತಿರದ ನಂಟು. ಹೆದರಿಕೆ ಮೇಲೆ ಹುಟ್ಟಿದರೆ ಕೆಳಗೆ ಓಟ ಶುರು.

ಒಂದೊಂದಾಗಿ ಔಷಧಿ ಹಚ್ಚಿದೆ. ಸೆಳೆತಕ್ಕೆ ಮೆಬೆವೆರಿನ್. ಮಲ ಗಟ್ಟಿಯಾಗಲೆಂದು ಇಸಬಗೋಲು, ಅದರಿಂದ ಹೊಟ್ಟೆಯುಬ್ಬರ ಬಂದು ಬಿಡಿಸಿದೆ. ಕರುಳಿನಲ್ಲೇ ಉಳಿದು ಕೆಲಸ ಮಾಡುವ ರಿಫಾಕ್ಸಿಮಿನ್ ಒಂದು ಸುತ್ತು ಕೊಟ್ಟೆ, ಕೆಲವು ದಿನ ಹಾಯೆನಿಸಿ ಮತ್ತೆ ಮೊದಲಿನಂತಾಯಿತು. ನಿಲ್ಲೋ ಮಾತ್ರೆಯನ್ನು ಬಸ್ಸು ಹತ್ತುವ ದಿನಕ್ಕೆ ಮಾತ್ರ ಎಂದು ನನ್ನ ಕೈಯಿಂದಲೇ ಕೊಡುತ್ತಿದ್ದೆ. ಕೊನೆಗೆ ಇಸಿಜಿ ಇನ್ನೊಮ್ಮೆ ತೆಗೆದು ನೋಡಿ, ಮಲಗುವ ಮುಂಚೆ ಅಮಿಟ್ರಿಪ್ಟಿಲಿನ್ ಶುರು ಮಾಡಿದೆ. ಖಿನ್ನತೆಗೆ ಕೊಡುವ ಹಳೆಯ ಔಷಧಿ ಅದು, ಚೂರೇ ಚೂರು ಕೊಟ್ಟರೆ ಕರುಳಿನ ಸಿಟ್ಟನ್ನೂ ಇಳಿಸುತ್ತದೆ. ಎಷ್ಟೋ ಜನಕ್ಕೆ ಅದು ಬದುಕು ವಾಪಸ್ಸು ಕೊಟ್ಟಿದೆ. ಇವರಿಗೆ ನಿದ್ದೆ ಬಂತು, ಅಷ್ಟೇ.

"ಹಿತ್ತಲಲ್ಲಿ ನಿಂತಿರ್ತಾರೆ ಡಾಕ್ಟ್ರಮ್ಮ" ಎಂದರು ಒಂದು ದಿನ. "ಮಾತಾಡಲ್ಲ. ನಂಗೆ ಕಾಲು ನಡುಗ್ತದೆ, ಹೊಟ್ಟೆ ಕಳೀತದೆ. ಉಂಡ್ರೆ ತಾನೇ ಹಿತ್ಲಿಗೆ ಹೋಗೋದು? ಊಟನೇ ಬಿಟ್ಬುಟ್ಟಿವ್ನಿ."

ತೂಕ ನೋಡಿದೆ. ಸೀರೆ ಉಟ್ಟ ಗಳದಂತಾಗಿದ್ದರು. ಹೀಗೇ ಒಣಗುತ್ತಾ ಹೋದರೆ ಮೂತ್ರಪಿಂಡ ಮತ್ತೆ ಕಟ್ಟುತ್ತದೆ, ಆ ಸಲ ಕ್ಯಾಲ್ಸಿಯಂ ಕೈ ಹಿಡಿಯುವ ಖಾತ್ರಿಯಿಲ್ಲ. ರಕ್ತ ತೆಗೆಸಿದೆ. ವರದಿ ಬಂತು. ಪೊಟ್ಯಾಶಿಯಂ ಮತ್ತೆ ಮೇಲೆ ಹತ್ತುತ್ತಿತ್ತು. ನೀರು ಮಾತ್ರೆ ನನ್ನ ಡ್ರಾಯರಿನಲ್ಲಿದೆ, ಮೆಡಿಕಲ್ ಸ್ಟೋರಿನವನಿಗೂ ತಾಕೀತು ಮಾಡಿಸಿದ್ದೇನೆ. ಹಾಗಾದರೆ ಇನ್ನೇನು? ಮಗಳನ್ನು ಬರಹೇಳಿದೆ.

ಅವಳು ಬಂದಳು, ನನಗೆಂದು ಒಂದು ಎಳನೀರು ಹಿಡಿದುಕೊಂಡೇ. ಅದನ್ನು ಮೇಜಿನ ಮೇಲಿಟ್ಟು ಕೂತಳು.

"ಅವ್ವನಿಗೆ ಎಳನೀರು ಕೊಡ್ತಿದೀಯಾ?"

ಅವಳು ಸುಳ್ಳು ಹೇಳುವವಳಲ್ಲ. "ಶಾಸ್ತ್ರ ಕೇಳ್ಸಿದ್ವಿ. ಅಪ್ಪಂಗೆ ನೀರಡಿಕೆ ತೀರಿಲ್ಲ, ದಿನಾ ಹೊತ್ತಾರೆ ಒಂದು ಎಳನೀರು ಕೆತ್ತಿ ಅರ್ಧ ಸಮಾಧಿಗೆ ಹುಯ್ಯಿ, ಅರ್ಧ ಅವ್ವಂಗೆ ಕುಡ್ಸು ಅಂತ ಬಂತು. ಹಂಗೇ ಮಾಡ್ತಿವ್ನಿ. ಆದ್ರೂ ಹೋಯ್ತಿಲ್ಲ ಅವ್ನು. ಎರಡು ಹುಯ್ಯಾನ ಅಂತಿವ್ನಿ ನಾಳೆಯಿಂದ."

"ಬೇಡ ಅಂದಿದ್ದೆನಲ್ಲ."

"ನೀವು ಬೇಡ ಅಂತೀರಿ. ಕಮ್ಮಿ ಕೊಟ್ಟು ಒಬ್ರನ್ನ ಕಳ್ಕಂಡಿವ್ನಿ ನಾನು. ಇನ್ನೊಬ್ರನ್ನ ಕಳ್ಕಳಲ್ಲ."

ಆಗ ನನಗೆ ಅರ್ಥವಾಯಿತು. ತಿಂಗಳುಗಳಿಂದ ನಾನು ಆ ದೆವ್ವವನ್ನು ಸುಮ್ಮನೆ ಬಿಟ್ಟಿದ್ದೆ, ಏಕೆಂದರೆ ಅದು ಇರುವವರೆಗೆ ಮಗಳ ತಲೆಯ ಮೇಲೆ ಅಪ್ಪನ ಸಾವು ಬೀಳುವುದಿಲ್ಲ. ಆದರೆ ಅದೇ ದೆವ್ವ ತಾಯಿಯ ಕರುಳನ್ನು ಓಡಿಸುತ್ತಿತ್ತು, ಅದೇ ದೆವ್ವ ಅರ್ಧ ಎಳನೀರು ಕುಡಿಸುತ್ತಿತ್ತು. ದೆವ್ವ ಉಳಿದರೆ ತಾಯಿ ಹೋಗುತ್ತಾರೆ. ದೆವ್ವವನ್ನು ಓಡಿಸಿದರೆ ಮಗಳು ಏನಾಗುತ್ತಾಳೋ ದೇವರೇ ಬಲ್ಲ. ನನ್ನ ಅಲಮಾರಿಯಲ್ಲಿದ್ದ ಯಾವ ಮಾತ್ರೆಯೂ ಇದಕ್ಕೆ ನಾಟುವಂತಿರಲಿಲ್ಲ. ಡ್ರಾಯರ್ ಎಳೆದು ಆ ಪಟ್ಟಿಯನ್ನು ಅವಳ ಮುಂದಿಟ್ಟೆ.

"ಇದು ನಿಮ್ಮಪ್ಪಂದು ತಾನೇ?"

"ಹೂಂ. ಕಾಲೂತದ್ದು."

"ನಿಮ್ಮಪ್ಪಂಗೆ ಕಮ್ಮಿ ಬೀಳಲಿಲ್ಲ ಕಣಮ್ಮ. ಜಾಸ್ತಿ ಆಯ್ತು."

ಅವಳು ನನ್ನ ಮುಖವನ್ನೇ ನೋಡಿದಳು. ನಾನು ನಿಲ್ಲಿಸಲಿಲ್ಲ, ನಿಲ್ಲಿಸಿದ್ದರೆ ಮತ್ತೆ ಶುರು ಮಾಡುತ್ತಿರಲಿಲ್ಲ. ಮಾತ್ರೆ ಏನು ಮಾಡುತ್ತದೆ, ಅವ್ವ ಅದನ್ನು ಕದ್ದು ನುಂಗುತ್ತಿದ್ದದ್ದು, ಎಳನೀರಲ್ಲಿ ಏನಿದೆ, ಅದರಿಂದ ಕಾಲು ಏಕೆ ಸೋಲುತ್ತದೆ, ಅವ್ವನ ಕಾಲು ಹಿಡಿದದ್ದು ಅಪ್ಪನಲ್ಲ, ಇದೇ ಎಂಬುದನ್ನೆಲ್ಲ ಹೇಳಿದೆ. "ನಾನು ನಿಮ್ಮಪ್ಪನ್ನ ನೋಡಿದವಳಲ್ಲ. ಇಸಿಜಿ ಇಲ್ಲ, ರಕ್ತ ಇಲ್ಲ. ಇದೇ ಅಂತ ಆಣೆ ಮಾಡಿ ಹೇಳಲಾರೆ. ಆದರೆ ನನ್ನ ಬುದ್ಧಿಗೆ ಬೇರೇನೂ ತೋಚುತ್ತಿಲ್ಲ" ಎಂದೂ ಹೇಳಿದೆ.

ಅವಳು ಪಟ್ಟಿಯನ್ನು ಕೈಗೆತ್ತಿಕೊಂಡು ಕೇಳಿದಳು. "ಹಂಗಾರೆ ನಾನೇ ಕೊಂದ್ನಾ?"

"ಇಲ್ಲ. ಈ ಸೀಮೆಯಲ್ಲಿ ಯಾವ ಮಗಳಾದರೂ ಅದನ್ನೇ ಮಾಡೋಳು. ಈ ಮಾತ್ರೆ ನುಂಗೋರಿಗೆ ಎಳನೀರು ಆಗಲ್ಲ ಅಂತ ಯಾರಾದರೂ ನಿಂಗೆ ಹೇಳಬೇಕಿತ್ತು. ಯಾರೂ ಹೇಳಲಿಲ್ಲ."

ಅವಳು ಎದ್ದು ಹೊರಟುಹೋದಳು. ತಂದ ಎಳನೀರು ಮೇಜಿನ ಮೇಲೇ ಉಳಿಯಿತು. ನರ್ಸ್ ಕೂಡ ಅದನ್ನು ಮುಟ್ಟಲಿಲ್ಲ.

ಆಮೇಲೆ ಅವಳು ಬರಲಿಲ್ಲ, ಫೋನು ಸ್ವಿಚ್ ಆಫ್. ಆ ತೋಟದಲ್ಲಿ ಒಂದು ಹಳೇ ಬಾವಿ ಇದೆ ಎಂದು ಯಾರೋ ಹೇಳಿದ್ದರು. ಆಟೋ ನಿಂತ ಸದ್ದಾದರೆ ಎದ್ದು ಬಾಗಿಲಿಗೆ ಹೋಗುತ್ತಿದ್ದೆ. ರೋಗಿಯ ಹೊಟ್ಟೆ ಮುಟ್ಟಿ ನೋಡುವಾಗ, ಕೈ ತೊಳೆಯುವಾಗ ಅವಳ ಪ್ರಶ್ನೆ ಕಿವಿಯಲ್ಲಿ ಕೂತಿರುತ್ತಿತ್ತು. ಅವಳ ಅಪ್ಪ, ನಾನು ಕಂಡೇ ಇರದ ಆ ಮನುಷ್ಯ, ನನ್ನ ವಾರ್ಡಿನ ಬಾಗಿಲಲ್ಲಿ ಬಂದು ನಿಲ್ಲತೊಡಗಿದ. ನೋಡಿದರೆ ಯಾರೂ ಇರುತ್ತಿರಲಿಲ್ಲ. ನರ್ಸ್ ನನ್ನ ಅವಸ್ಥೆ ನೋಡಿ, "ಹೇಳ್ದೆ ಇದ್ರೆ ಅವ್ವ, ಹೇಳಿದ್ರೆ ಮಗಳು. ಯಾವ್ದಾದ್ರೂ ಒಂದು ಕೊಂಬೆ ಹಿಡೀಲೇಬೇಕಿತ್ತು, ಬುಡಿ" ಎಂದರು. ಅವರು ಸಮಾಧಾನಕ್ಕೆ ಹೇಳಿದರೋ ಇಲ್ಲವೋ, ನನಗೆ ಸಮಾಧಾನವಾಗಲಿಲ್ಲ.

ಪಿತೃಪಕ್ಷದಲ್ಲಿ ಅವಳ ಫೋನು ಬಂತು. "ಅಪ್ಪಂಗೆ ಎಡೆ ಇಡ್ತಿದೀವಿ. ಬನ್ನಿ" ಎಂದಷ್ಟೇ ಹೇಳಿ ಇಟ್ಟಳು.

ಹೋದೆ. ತಾಯಿ ಜಗಲಿಯ ಮೇಲೆ ಕೂತಿದ್ದರು, ಇನ್ನೂ ಬಡಕಲಾಗಿ. ಮಗಳು ನನ್ನನ್ನು ನೇರ ಒಳಕೋಣೆಗೆ ಕರೆದೊಯ್ದಳು. ಗೋಡೆಗೆ ಒರಗಿಸಿದ ಅಪ್ಪನ ಫೋಟೋ, ಹೊಸ ಪಂಚೆ, ಟವೆಲು. ಬಾಳೆ ಎಲೆಯ ತುಂಬ ಅವನಿಗೆ ಇಷ್ಟವಾದದ್ದೆಲ್ಲ: ಕಡುಬು, ವಡೆ, ಕಾಯಿಹಾಲು, ಎಲೆಅಡಿಕೆ. ತೆಂಗಿನ ತೋಟದ ಯಜಮಾನನ ಎಡೆಯಲ್ಲಿ ಎಳನೀರು ಇರಲೇಬೇಕು. ನನ್ನ ಕಣ್ಣು ಹುಡುಕಿತು. ಇರಲಿಲ್ಲ. ಅದು ಇರಬೇಕಾದ ಜಾಗದಲ್ಲಿ ಒಂದು ದೊಡ್ಡ ಸ್ಟೀಲ್ ಲೋಟ, ಅಂಚಿನವರೆಗೂ ನೀರು. ಪಕ್ಕದ ಗೂಡಿನಲ್ಲಿ ಹರಿದ ಓಆರ್‌ಎಸ್ ಪೊಟ್ಟಣ.

"ಲೀಟ್ರು ಅಳತೆ ಮಾಡೇ ಕಲಸಿವ್ನಿ" ಎಂದಳು. ಫೋಟೋ ನೋಡುತ್ತಲೇ ಕೇಳಿದಳು. "ಆಗ ಕೊಡ್ಬೇಕಾಗಿದ್ದು ಇದೇ ತಾನೇ?"

"ಹೌದು ಕಣಮ್ಮ. ಇದೇ."

ಅವಳು ತಲೆಯಾಡಿಸಿದಳು. "ಅವ್ವಂಗೆ ಹೇಳಿಲ್ಲ. ನೀವೂ ಹೇಳ್ಬ್ಯಾಡಿ. ಅವ್ನ್ ಮಾತ್ರೆ ಅಂದ್ರೆ ಪ್ರಾಣ ಅವಳ್ಗೆ. ನಂಗೊಬ್ಳಿಗೆ ಸಾಕು ಇದು."

ಎಡೆ ಇಟ್ಟ ಮೇಲೆ ಕೋಣೆಯ ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಕೂರುವುದು ನಮ್ಮ ಪದ್ಧತಿ. ಹಿರಿಯರು ಬಂದು ಉಣ್ಣಬೇಕು, ಅವರು ಉಣ್ಣುವಾಗ ಯಾರೂ ನೋಡಬಾರದು. ಜಗಲಿಯ ಮೇಲೆ ಕೂತೆವು. ಒಳಗೆ ಏನೋ ಸಣ್ಣಗೆ ಸದ್ದಾಯಿತು, ಇಲಿಯೋ ಏನೋ. ತಾಯಿ ನನ್ನ ಕೈ ಹಿಡಿದುಕೊಂಡರು. ಅವರ ಕೈ ತಣ್ಣಗಿತ್ತು, ನನ್ನದೂ ತಣ್ಣಗಿತ್ತು.

ಮಗಳು ಎದ್ದು ಬಾಗಿಲು ತೆರೆದಳು. ಒಳಗೆ ಹೋಗಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತಂದು ತಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಅವ್ವ, ಇಲ್ನೋಡು. ಅಪ್ಪ ಕುಡ್ದವ್ನೆ."

ತಾಯಿ ಲೋಟದೊಳಗೆ ಬಗ್ಗಿ ನೋಡಿದರು. ಅವರ ಮುಖ ಸಡಿಲಾಯಿತು. "ಹೌದು ಕಣೇ. ಇಳಿದದೆ. ಎಷ್ಟು ಬಾಯಾರಿದ್ರೋ ಪಾಪ."

"ಅವನ್ದು ತೀರ್ತು, ಇನ್ ಬರಲ್ಲ. ಉಳ್ದಿದ್ದು ನಿಂಗಂತೆ. ಇನ್ಮೇಲೆ ಹೊಟ್ಟೆ ಕಳಿದಾಗೆಲ್ಲ ಇದ್ನೇ ಕುಡೀಬೇಕಂತೆ, ಎಳನೀರು ಬ್ಯಾಡ್ವಂತೆ."

ಒಂದು ತೊಟ್ಟು ಪುಡಿ ನೀರಿಗೆ ವಾಕರಿಸುತ್ತಿದ್ದ ತಾಯಿ ಲೋಟವನ್ನು ಕಣ್ಣಿಗೊತ್ತಿಕೊಂಡು, ನಿಲ್ಲಿಸದೆ, ತಳ ಕಾಣುವವರೆಗೆ ಕುಡಿದರು.

ಬಾಗಿಲು ತೆರೆದಾಗ ನಾನೂ ಎದ್ದು ಹೋಗಿ ಮಗಳ ಹಿಂದೆಯೇ ನಿಂತಿದ್ದೆ. ಲೋಟ ಅಂಚಿನವರೆಗೂ ತುಂಬಿಯೇ ಇತ್ತು. ಕೈಗೆತ್ತಿಕೊಂಡು ಮೊದಲ ಗುಟುಕು ಕುಡಿದದ್ದು ಅವಳು, ಅಪ್ಪನ ಫೋಟೋಗೆ ಎದುರಾಗಿ ನಿಂತು, ಕಣ್ಣು ಮುಚ್ಚಿ. ತಾಲ್ಲೂಕಿಗೇ ಬಾಯಿ ದೊಡ್ಡದು ಮಾಡುವ ನಾನು ವಾಪಸ್ಸು ಬಂದು ತಾಯಿಯ ಪಕ್ಕ ಸುಮ್ಮನೆ ಕೂತಿದ್ದೆ.